ಸಂಡಿಗೆ ಮಾಳಿಗೆ ಮತ್ತು ಬೂದಿ ಚೀಲ

ನಮ್ಮ ಮಾಳಿಗೆಯ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೂದಿ ಬಿದ್ದಿದೆ. ಮಳೆ ಬರದ ವರ್ಷ ಇತ್ತು, ನಲ್ಲಿಯಲ್ಲಿ ನೀರು ಬಾರದ ವಾರ ಇತ್ತು, ಬೂದಿ ಬೀಳದ ದಿನ ಮಾತ್ರ ಇರಲಿಲ್ಲ. ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋದರೆ ಬೆಕ್ಕು ಓಡಾಡಿದ ಹೆಜ್ಜೆಗಳು ಅದರ ಮೇಲೆ ಅಚ್ಚು ಒತ್ತಿದಂತೆ ಕಾಣುತ್ತಿದ್ದವು. ಗುಡಿಸಿ ಒಂದು ಮೂಲೆಗೆ ಗುಡ್ಡೆ ಹಾಕಿ ತಿರುಗಿ ನೋಡುವುದರೊಳಗೆ ಗುಡಿಸಿದ ಜಾಗ ಮತ್ತೆ ಮಾಸಿರುತ್ತಿತ್ತು. ಒಣ ಹಾಕಿದ ಬಟ್ಟೆ, ನೀರಿನ ಡ್ರಮ್ಮು, ತುಳಸಿ ಎಲೆ, ಅಂಗಳದಲ್ಲಿ ಕಟ್ಟಿದ ಎಮ್ಮೆಯ ಬೆನ್ನು, ಎಲ್ಲದಕ್ಕೂ ಒಂದೇ ಬಣ್ಣ. ಕಾಯಿಸಿದ ಹಾಲಿನ ಕೆನೆಯ ಮೇಲೂ ಅದೇ. ಕೆನೆ ತೆಗೆದು ಚೆಲ್ಲಿ ಉಳಿದ ಹಾಲು ಕುಡಿದಿದ್ದೇವೆ. ಈಗ ಹೇಳುವಾಗ ಹೇಸಿಗೆಯಾಗುತ್ತದೆ, ಆಗ ಕುಡಿಯುವಾಗ ಆಗುತ್ತಿರಲಿಲ್ಲ.

ಹೊಸಪೇಟೆಗೂ ಕುರೆಕುಪ್ಪಕ್ಕೂ ನಡುವಿನ ಸಣ್ಣ ಊರು ನಮ್ಮದು. ಹೆಸರು ಬರೆಯುವುದಿಲ್ಲ. ಬರೆದರೆ ಮಗ ಬೈಯುತ್ತಾನೆ, ಅವನು ಇನ್ನೂ ಅಲ್ಲೇ ದುಡಿದು ತಿನ್ನಬೇಕು. ಊರಿನ ಆಚೆಗೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರ ಇತ್ತು. ಜನ ಅದಕ್ಕೆ ಥರ್ಮಲ್ ಎನ್ನುತ್ತಿದ್ದರು. ಎರಡು ಚಿಮಣಿ, ಪಕ್ಕದಲ್ಲಿ ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ತಂದು ಸುರಿಯುವ ದೊಡ್ಡ ಹೊಂಡ. ಗಾಳಿ ಒಂದು ಕಡೆ ಬೀಸಿದರೆ ಬೂದಿ ನಮ್ಮ ಓಣಿಗೆ, ಇನ್ನೊಂದು ಕಡೆ ಬೀಸಿದರೆ ಹೊಲಗಳಿಗೆ. ಗಾಳಿಯೇ ನಿಂತರೆ ಸಂಡೂರಿನಿಂದ ಅದಿರು ಹೇರಿಕೊಂಡು ಬರುವ ಲಾರಿಗಳ ಕೆಂಪು ಧೂಳು.

ನಾನು ಸಂಡಿಗೆ ಮಾಡಿ ಮಾರುವವಳು. ತವರು ಕಂಪ್ಲಿ. ಅಲ್ಲಿ ನಮ್ಮವ್ವ ಹೊಳೆ ದಂಡೆಯ ಗದ್ದೆಯ ಅಕ್ಕಿಯಿಂದ ಮಾಡುತ್ತಿದ್ದ ಸಂಡಿಗೆ ಅಂಗಡಿಯಿಂದ ಆಗ ತಾನೇ ತಂದ ಪಂಚೆಯ ಹಾಗೆ ಬೆಳ್ಳಗಿರುತ್ತಿತ್ತು. ಕೈ ಅದೇ, ಅಕ್ಕಿ ಅದೇ. ಮೂರು ದಿನ ನೆನೆ ಹಾಕಿ, ದಿನಾ ನೀರು ಬದಲಿಸಿ, ರುಬ್ಬಿ, ಉಪ್ಪು ಜೀರಿಗೆ ಹಸಿಮೆಣಸಿನಕಾಯಿ ಹಾಕಿ ಹಿಟ್ಟು ಬೇಯಿಸಿ, ಹಳೆ ಸೀರೆ ಹಾಸಿ ಅದರ ಮೇಲೆ ಚಕ್ಕುಲಿ ಒರಳಿನಿಂದ ಒತ್ತುತ್ತೇನೆ. ಎರಡು ದಿನ ಖಡಕ್ ಬಿಸಿಲು ಬೇಕು. ಒಂದು ದಿನ ಕಡಿಮೆಯಾದರೂ ಎಣ್ಣೆಗೆ ಹಾಕಿದಾಗ ಅರಳುವುದಿಲ್ಲ, ಹಲ್ಲಿಗೆ ಅಂಟುತ್ತದೆ. ನಮ್ಮ ಊರಿನಲ್ಲಿ ಬಿಸಿಲಿಗೆ ಬರ ಇಲ್ಲ. ಆದರೆ ಮೇಲೆ ಇನ್ನೊಂದು ಸೀರೆ ಮುಚ್ಚದೆ ಒಣ ಹಾಕುವ ಹಾಗಿರಲಿಲ್ಲ. ಮುಚ್ಚಿದರೂ ಬೂದಿ ಇಳಿಯುತ್ತಿತ್ತು. ನಾನು ಮಾಡುತ್ತಿದ್ದ ಅಕ್ಕಿ ಸಂಡಿಗೆ ಇಲಿಯ ಬಣ್ಣದ್ದು. ಕರಿದ ಮೇಲೆ ಅದು ಬೂದಿ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯವರು ಅದನ್ನೇ ತೆಗೆದುಕೊಂಡು ಹಂಪಿ ನೋಡಲು ಬಂದವರಿಗೆಲ್ಲ ಊಟದ ಜೊತೆ ಬಡಿಸಿದ್ದಾರೆ. ಎಲ್ಲೆಲ್ಲಿಯ ಜನ ನಮ್ಮ ಊರಿನ ಬೂದಿ ತಿಂದು ಹೋಗಿದ್ದಾರೋ ಗೊತ್ತಿಲ್ಲ.

ನನ್ನ ಗಂಡ ಥರ್ಮಲ್ಲಿನಲ್ಲಿ ಬೂದಿ ಪೈಪಿನ ಕಡೆ ಕೆಲಸ ಮಾಡುತ್ತಿದ್ದ. ಪೈಪು ಕಟ್ಟಿದರೆ ಬಡಿದು ಬಿಡಿಸುವುದು, ಒಡೆದರೆ ತೇಪೆ ಹಾಕುವುದು. ಮನೆಗೆ ಬಂದರೆ ರೆಪ್ಪೆಯ ಕೂದಲ ಮೇಲೂ ಬೂದಿ. ಲಿಂಗಪೂಜೆ ಮಾಡಿಕೊಳ್ಳುವ ಮನೆ ನಮ್ಮದು, ಸ್ನಾನ ಆದ ಮೇಲೆ ಹಣೆಗೆ ಈಬತ್ತಿ ಹಚ್ಚದೆ ಊಟಕ್ಕೆ ಕೂರುವ ಪದ್ಧತಿ ಇಲ್ಲ. ಅವನು ಮಾತ್ರ ಕನ್ನಡಿ ಮುಂದೆ ನಿಂತು ನಗುತ್ತಿದ್ದ.

"ಈಬತ್ತಿ ಗಟ್ಟಿ ಯಾಕ ಬೇಕು ನಮಗ? ಹೊರಗ ಹೋಗಿ ನಿಂತ್ರ ಸಾಕು, ಪರಮಾತ್ಮ ತಾನ ಹಚ್ಚತಾನ."

"ಆ ಪರಮಾತ್ಮನ ಪಗಾರ ಒಂದನೇ ತಾರೀಖಿಗಿ ಬರಲಿಲ್ಲ ಅಂದ್ರ ಗೊತ್ತಾಗ್ತೈತಿ. ಮೊದಲು ಮೂಗು ತೊಳಕೊ," ಎನ್ನುತ್ತಿದ್ದೆ ನಾನು.

ಅವನು ಬಚ್ಚಲಲ್ಲಿ ಉಗುಳುತ್ತಿದ್ದದ್ದು ಕಪ್ಪಗಿರುತ್ತಿತ್ತು. ನೀರು ಹಾಕಿದರೆ ಹೋಗುತ್ತಿರಲಿಲ್ಲ, ಪೊರಕೆಯಿಂದ ತಿಕ್ಕಬೇಕಿತ್ತು. ಎಷ್ಟೋ ದಿನ ಅದನ್ನು ತಿಕ್ಕಿ ಬಂದು ನನಗೆ ಊಟ ಸೇರಿಲ್ಲ. ಅವನಿಗೆ ಹೇಳಿದರೆ ಸಿಟ್ಟು. ಅನ್ನ ಹಾಕುವ ಕೆಲಸಕ್ಕೆ ಮುಖ ಕಿವುಚಬಾರದು ಎನ್ನುತ್ತಿದ್ದ. ಕೊನೆಗೆ ಕೆಮ್ಮಿ ಕೆಮ್ಮಿ ಸತ್ತ. ಡಾಕ್ಟರು ಬೀಡಿಯಿಂದ ಎಂದರು. ಬೀಡಿ ಸೇದುತ್ತಿದ್ದದ್ದು ನಿಜ, ಆದರೆ ಬೀಡಿ ಸೇದುವವರ ಉಗುಳು ಹಾಗಿರುವುದಿಲ್ಲ. ನಾನು ಅಲ್ಲಿ ಜಗಳ ಆಡಲಿಲ್ಲ. ಆಡಿ ಏನು ಆಗಬೇಕಿತ್ತು?

ಅವನು ಬಿಟ್ಟು ಹೋದದ್ದರಲ್ಲಿ ಮನೆ ಒಂದು, ಅದು ನನ್ನ ಹೆಸರಿನಲ್ಲಿದೆ. ಇನ್ನೊಂದು, ಮೆಟ್ಟಿಲ ಕೆಳಗೆ ಒಂದು ಚೀಲ ಬೂದಿ. ಥರ್ಮಲ್ಲಿನ ಸಣ್ಣ ಬೂದಿ, ಜರಡಿ ಹಿಡಿದ ಮೈದಾ ಹಿಟ್ಟಿನ ಹಾಗೆ ಇರುತ್ತದೆ. ಭಾಂಡೆ ತಿಕ್ಕಲು ಅದರ ಮುಂದೆ ಯಾವ ಸೋಪೂ ಇಲ್ಲ. ಗಂಡ ಇದ್ದಾಗ ಮುಗಿದ ಹಾಗೆ ತಂದು ತುಂಬುತ್ತಿದ್ದ. ಓಣಿಯ ಹೆಂಗಸರೆಲ್ಲ ಹಬ್ಬದ ಮುಂಚೆ ಬಟ್ಟಲು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ತಲೆಯ ಮೇಲೆ ಬಿದ್ದರೆ ಶಾಪ ಹಾಕುತ್ತಿದ್ದ ಬೂದಿಯನ್ನು ಬಟ್ಟಲಲ್ಲಿ ಇಸಿದುಕೊಂಡು ಹೋಗಿ ಹಿತ್ತಾಳೆ ತಂಬಿಗೆ ಬೆಳಗುತ್ತಿದ್ದೆವು. ನಮ್ಮ ಬುದ್ಧಿಯೇ ಅಂಥದ್ದು.

ಆಮೇಲೆ ಒಂದು ದಿನ ಥರ್ಮಲ್ ನಿಲ್ಲಿಸುತ್ತಾರಂತೆ, ಊರಿಗೆಲ್ಲ ಬಿಸಿಲಿನ ಕರೆಂಟಂತೆ ಎಂದು ಸುದ್ದಿ ಬಂತು. ಬೀದಿದೀಪ, ನೀರಿನ ಪಂಪು, ಮನೆಗಳು, ಎಲ್ಲಕ್ಕೂ ಸೋಲಾರ್. ಊರಿನ ಹೊರಗಿನ ಬಂಜರಿನಲ್ಲಿ ಸಾಲು ಸಾಲು ಪ್ಲೇಟು ನಿಂತವು. ಚಿಮಣಿ ನಿಲ್ಲಿಸುವ ದಿನ ಶಾಮಿಯಾನ ಹಾಕಿ ಕಾರ್ಯಕ್ರಮ ಮಾಡಿದರು. ನಮ್ಮನ್ನೆಲ್ಲ ಕರೆದು ಕುರ್ಚಿ ಹಾಕಿ ಕೂರಿಸಿದರು. ಮೈಕಿನ ಮುಂದೆ ನಿಂತವರೊಬ್ಬರು ಇಂದಿನಿಂದ ಈ ಊರಿನ ಗಾಳಿ ಶುದ್ಧ ಎಂದರು. ಅವರ ಹಿಂದೆಯೇ ಬೂದಿ ಹೊಂಡ ಕಾಣುತ್ತಿತ್ತು, ಅದನ್ನು ಕಾಣದ ಹಾಗೆ ಮಾಡಲು ಒಂದು ದೊಡ್ಡ ಬ್ಯಾನರು ಕಟ್ಟಿದ್ದರು. ಹೊಂಡ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಊಟಕ್ಕೆ ಪ್ಲಾಸ್ಟಿಕ್ ತಟ್ಟೆ. ಊಟ ಮುಗಿಯುವ ಹೊತ್ತಿಗೆ ಗಾಳಿ ಎದ್ದು ತಟ್ಟೆಗಳೆಲ್ಲ ಹಾರಿ ಹೋಗಿ ಜಾಲಿ ಮುಳ್ಳಿಗೆ ಸಿಕ್ಕಿಕೊಂಡವು. ಇವತ್ತಿಗೂ ಅಲ್ಲೇ ಇವೆ. ಅವರ ಶುದ್ಧ ಎನ್ನುವ ಮಾತು ಕೇಳಿದರೆ ನನಗೆ ಆ ಸಾರು ಹತ್ತಿದ ತಟ್ಟೆಗಳೇ ಕಣ್ಣಿಗೆ ಬರುತ್ತವೆ.

ಆದರೂ ಸುಳ್ಳು ಹೇಳುವುದಿಲ್ಲ, ಚಿಮಣಿ ನಿಂತ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಸಂಡಿಗೆ ಬೆಳ್ಳಗಾಯಿತು. ಕಂಪ್ಲಿಯ ಸಂಡಿಗೆಯಷ್ಟೇ ಬೆಳ್ಳಗೆ. ಮೊಮ್ಮಗಳು ಬೇಯಿಸಿದ ಹಿಟ್ಟು ಕದ್ದು ತಿನ್ನಲು ಮಾಳಿಗೆಗೆ ಬಂದರೆ, ಕೈಗೆ ಒಂದು ಏಟು ಕೊಟ್ಟು, ಆಮೇಲೆ ಹಿಟ್ಟಿನ ಒಂದು ಉಂಡೆಯನ್ನೂ ಕೊಡುತ್ತಿದ್ದೆ. ಮೊದಲು ಹಿಟ್ಟು ಕೊಡುತ್ತಿರಲಿಲ್ಲ, ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ಡಬ್ಬಿ ತುಂಬಿಕೊಂಡು ಬಸ್ಸು ಹತ್ತಿ ಹೊಸಪೇಟೆಗೆ ಹೋದೆ. ಖಾನಾವಳಿಯವನು ಮುಚ್ಚಳ ತೆಗೆದವನೇ ನನ್ನ ಮುಖ ನೋಡಿದ.

"ಏನಮ್ಮಾ, ಈ ಸಲ ಏನ್ ಪೌಡರ್ ಹಾಕೀರಿ?"

"ಏನೂ ಹಾಕಿಲ್ಲ."

"ಮತ್ತ ಇಷ್ಟು ಬೆಳ್ಳಗ ಹೆಂಗಾತು? ಗಿರಾಕಿ ನನ್ನ ಹಿಡೀತಾರ. ಮೊದಲಿನಂಗ ಮಾಡಿ ತರ್ರಿ."

"ಮೊದಲಿನಂಗ ಅಂದ್ರ ಬೂದಿ ಹಾಕಬೇಕು. ಹಾಕ್ಲೇನು?"

ಅವನು ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನಕ್ಕ. ಅರ್ಧ ಡಬ್ಬಿ ಮಾತ್ರ ಇಟ್ಟುಕೊಂಡ. ಉಳಿದದ್ದನ್ನು ಮಡಿಲಲ್ಲಿ ಇಟ್ಟುಕೊಂಡು ವಾಪಸು ಬಸ್ಸಿನಲ್ಲಿ ಬರುವಾಗ, ಇಂಥ ಬಾಯಿಗಳಿಗೆ ಇಷ್ಟು ವರ್ಷ ಅಡುಗೆ ಮಾಡಿದೆನಲ್ಲ ಎಂದು ಅಸಹ್ಯವಾಯಿತು. ಎರಡು ತಿಂಗಳಲ್ಲಿ ಅವನೇ ಫೋನು ಮಾಡಿದ, ಗಿರಾಕಿಗಳಿಗೆ ಬಿಳಿಯದೇ ಬೇಕಂತೆ. ನಾನು ಹೆಚ್ಚಿಗೆ ಒತ್ತತೊಡಗಿದೆ. ದಕ್ಷಿಣದ ಕಡೆಯ ಅರ್ಧ ಮಾಳಿಗೆ ತುಂಬ ಸೀರೆಗಳು.

ಮಗನ ಕಥೆ ಬೇರೆ. ಅವನೂ ಥರ್ಮಲ್ಲಿನಲ್ಲಿ ಗುತ್ತಿಗೆ ಕೂಲಿ. ಚಿಮಣಿ ನಿಂತ ಮರುದಿನದಿಂದ ಗೇಟಿನ ಒಳಗೆ ಬಿಡಲಿಲ್ಲ. ಕಾಯಂ ಇದ್ದವರನ್ನು ಬೇರೆ ಊರಿಗೆ ಹಾಕಿದರು, ಗುತ್ತಿಗೆಯವರ ಹೆಸರು ಹಿಡಿದು ಕರೆದವರೂ ಇಲ್ಲ. ಕೆಲವು ತಿಂಗಳು ಸಂಡೂರಿನ ಲಾರಿಗಳ ಮೇಲೆ ಕ್ಲೀನರ್ ಆಗಿ ಹೋದ. ಬಂದಾಗಲೆಲ್ಲ ಕುಡಿದಿರುತ್ತಿದ್ದ. ಆಮೇಲೆ ಮನೆಗಳ ಮೇಲೆ ಸೋಲಾರ್ ಹಾಕುವ ಗುತ್ತಿಗೆದಾರ ಮೂರು ತಿಂಗಳು ನೋಡುತ್ತೇವೆ ಎಂದು ಇವನನ್ನು ಇಟ್ಟುಕೊಂಡ. ಫಿಟ್ಟಿಂಗ್ ಕಲಿಯಬೇಕು, ಜೊತೆಗೆ ನಮ್ಮ ಓಣಿಯವರನ್ನೆಲ್ಲ ಒಪ್ಪಿಸಬೇಕು. ಒಪ್ಪಿಸಿದರೆ ಕಾಯಂ.

ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತಾ ಮಾತು ತೆಗೆದ.

"ಯವ್ವ, ಮೊದಲು ನಮ್ಮ ಮನಿ ಮ್ಯಾಲ ಹಾಕಬೇಕು."

"ಏನು?"

"ಸೋಲಾರ್ ಪ್ಲೇಟು. ಹಾಕ್ಸ್ಕೊಳ್ರಿ ಅಂತ ಮಂದಿಗಿ ಹೇಳೋನು ನಾನು. ನಮ್ಮ ಮನಿ ಮ್ಯಾಲ ಇಲ್ಲಂದ್ರ ಯಾರು ಕೇಳ್ತಾರ?"

"ಹಾಕ್ಕೊ. ಉತ್ತರದ ಕಡಿ ಖಾಲಿ ಐತಿ."

"ಅಲ್ಲಿ ಮೆಟ್ಟಿಲ ಖೋಲಿ ನೆಳ್ಳು ಬೀಳ್ತೈತಿ. ದಕ್ಷಿಣದ ಕಡೀಗೇ ಹಾಕಬೇಕು."

"ಅಲ್ಲಿ ನನ್ನ ಸಂಡಿಗಿ ಅದಾವ."

"ಸಂಡಿಗಿ ಎಲ್ಲಿ ಹಾಕಿದ್ರೂ ಒಣಗ್ತಾವ ಬಿಡವ್ವ."

"ನಿನ್ನ ಪ್ಲೇಟೂ ಎಲ್ಲಿ ಹಾಕಿದ್ರೂ ಒಣಗ್ತಾವ ಬಿಡು."

ಅವನು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ಸೊಸೆ ತಟ್ಟೆ ಎತ್ತುತ್ತಾ ನನ್ನ ಕಡೆ ನೋಡದೆ, "ಅತ್ತಿ, ನೀವು ಸಹಿ ಮಾಡ್ಲಿಲ್ಲಂದ್ರ ಇವರು ಮತ್ತ ಲಾರಿ ಹತ್ತತಾರ," ಎಂದಳು. ಅಷ್ಟೇ ಅಂದದ್ದು. ಅಳಲಿಲ್ಲ, ಕೈ ಮುಗಿಯಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮರುದಿನ ಸಹಿ ಹಾಕಿದೆ. ಮೂರನೇ ಕ್ಲಾಸಿನವರೆಗೆ ಕಲಿತದ್ದು ಇಂಥದ್ದಕ್ಕೆ ಸಾಕು.

ಫಿಟ್ಟಿಂಗಿಗೆ ಬಂದವರು ದಕ್ಷಿಣದ ಅರ್ಧ ಮಾಳಿಗೆಯ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ ಆರು ಪ್ಲೇಟು ಕೂರಿಸಿದರು. ಮುಂದೆ ಮೂರು, ಹಿಂದೆ ಮೂರು. ಅವರಲ್ಲಿ ಹಿರಿಯನಿಗೆ ನನ್ನನ್ನು ಸಮಾಧಾನ ಮಾಡುವ ಮನಸ್ಸಾಯಿತು.

"ಅಜ್ಜಿ, ಕಾಲು ಎತ್ತರ ಇಟ್ಟೀವಿ ನೋಡ್ರಿ. ಬಗ್ಗಿದ್ರ ಕೆಳಗ ಆರಾಮ ಓಡಾಡಬಹುದು. ನಿಮ್ಮ ಜಾಗ ನಿಮಗ ಹಂಗ ಐತಿ."

"ಜಾಗ ಐತಿ. ಬಿಸಿಲು?"

ಅವನು ಮೇಲೆ ನೋಡಿದ, ಕೆಳಗೆ ನೋಡಿದ. "ಬಿಸಿಲು ಪ್ಲೇಟಿಗಿ ಬೇಕಲ್ಲ."

"ನನಗ ಬ್ಯಾಡೇನು?"

ಉಳಿದವರು ನಕ್ಕರು. ಅವನು ಸ್ಪ್ಯಾನರು ಹುಡುಕುವ ನೆಪ ಮಾಡಿ ಕೆಳಗಿಳಿದ.

ಪ್ಲೇಟಿನ ಕೆಳಗೆ ಹಾಸಿದ ಮೊದಲ ಸಲದ ಸಂಡಿಗೆ ನಾಲ್ಕು ದಿನವಾದರೂ ಒಣಗಲಿಲ್ಲ. ಐದನೇ ದಿನ ಸೀರೆ ಎತ್ತಿ ನೋಡಿದರೆ ಹಸಿರು ಬೂಷ್ಟು. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಎಮ್ಮೆಗೆ ಹಾಕಿದರೆ ಅದೂ ಮೂಸಿ ಮುಖ ತಿರುಗಿಸಿತು. ಐದು ಸೇರು ಅಕ್ಕಿಯ ಸಂಡಿಗೆಯನ್ನು ತಿಪ್ಪೆಗೆ ಸುರಿದು ಬಂದು ಕೈ ತೊಳೆದರೂ ಆ ಲೋಳೆ ಬೆರಳ ಸಂದಿಯಲ್ಲೇ ಇದ್ದ ಹಾಗೆ ಅನಿಸುತ್ತಿತ್ತು. ಉತ್ತರದ ಕಡೆ ನೆರಳು ಸರಿದಾಗ ಹಾಸುವುದು, ಬಂದಾಗ ಎಳೆಯುವುದು, ಹೀಗೆ ದಿನಕ್ಕೆ ಐದಾರು ಸಲ ಮೆಟ್ಟಿಲು ಹತ್ತಿ ಇಳಿದೆ. ಮೊಣಕಾಲು ಬಾತವು. ಖಾನಾವಳಿಯವನು ಫೋನು ಮಾಡಿದರೆ ಸಂಡಿಗೆ ಇಲ್ಲ ಎಂದು ಸೊಸೆಯಿಂದ ಹೇಳಿಸಿದೆ.

ಮಗ ಮಾತ್ರ ಹುರುಪಿನಲ್ಲಿದ್ದ. ಕುಡಿಯುವುದು ಬಿಟ್ಟಿದ್ದ, ಅದನ್ನೂ ಬರೆಯಬೇಕು. ಎದುರುಮನೆಯವಳನ್ನು ಒಪ್ಪಿಸಿದ, ಅವಳ ಮನೆಯ ಮೇಲೂ ಪ್ಲೇಟು ಬಂದವು. ಗೋಡೆಗೆ ಹಾಕಿದ ಡಬ್ಬಿಯಲ್ಲಿ ಎಷ್ಟು ಕರೆಂಟು ಬಂತು ಎಂದು ದಿನಾ ಸಂಜೆ ನೋಡಿ ಹೆಂಡತಿಗೆ ಹೇಳುತ್ತಿದ್ದ. ಬೇಸಿಗೆ ಏರಿದ ಹಾಗೆ ಹೇಳುವುದು ನಿಲ್ಲಿಸಿದ. ನಾನು ಕೇಳಿದರೆ, "ಕಮ್ಮಿ ಬರಾಕತ್ತೈತಿ," ಎಂದ.

ಯಾಕೆ ಕಡಿಮೆ ಎಂದು ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಚಿಮಣಿ ನಿಂತಿತ್ತು, ಹೊಂಡ ನಿಂತಿರಲಿಲ್ಲ. ಮೊದಲಾದರೆ ಅದಕ್ಕೆ ಯಾವಾಗಲೂ ನೀರು ಬಿಡುತ್ತಿದ್ದರು, ಬೂದಿ ಕೆಸರಾಗಿ ಕೂತಿರುತ್ತಿತ್ತು. ಈಗ ನೀರು ಬಿಡುವವರು ಯಾರು? ಹೊಂಡ ಒಣಗಿ ಬಿರುಕು ಬಿಟ್ಟು, ಚೈತ್ರದ ಗಾಳಿಗೆ ಪದರ ಪದರವಾಗಿ ಎದ್ದು ಬರತೊಡಗಿತು. ಮಧ್ಯಾಹ್ನ ಮಾಳಿಗೆಗೆ ಹೋದರೆ ಕರಿ ಪ್ಲೇಟುಗಳು ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ನನ್ನ ಸಂಡಿಗೆಯೂ ಮತ್ತೆ ಹಳೆಯ ಬಣ್ಣಕ್ಕೆ ಬಂತು. ಮಗ ಬೆಳಿಗ್ಗೆ ಹೋಗುವ ಮುಂಚೆ ಒಂದು ಕೊಡ ನೀರು ಸುರಿದು ಒರೆಸಿ ಹೋಗುತ್ತಿದ್ದ. ನೀರು ಆರಿದ ಮೇಲೆ ಬೂದಿ ಕೆಸರಿನ ಕಲೆ ಉಳಿಯುತ್ತಿತ್ತು, ಅದರ ಮೇಲೆ ಹೊಸ ಬೂದಿ ಅಂಟುತ್ತಿತ್ತು.

ಆಗಲೇ ಗುತ್ತಿಗೆದಾರನ ಕಡೆಯ ಇಂಜಿನಿಯರು ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು. ಓಣಿಯ ಹೆಂಗಸರನ್ನೆಲ್ಲ ಮಾಳಿಗೆಗೆ ಕರೆದು, ಎಷ್ಟು ಕರೆಂಟು ಬರುತ್ತದೆ ಎಂದು ತೋರಿಸುವುದು. ಗುತ್ತಿಗೆದಾರ ಮಗನಿಗೆ ಹೇಳಿದ್ದ ಮೂರು ತಿಂಗಳೂ ಅವತ್ತಿಗೇ ಮುಗಿಯುತ್ತಿತ್ತು. ಮಗ ಹಿಂದಿನ ದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಹೋದ. ಸೊಸೆ ರೇಷನ್ ಅಂಗಡಿಗೆ ಹೋದಳು.

ನಾನು ಪ್ಲೇಟುಗಳ ಮುಂದೆ ಒಂದು ಗಳಿಗೆ ನಿಂತೆ. ಅವುಗಳ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೆ ಮನೆಗೆ ಜನ ಬರುವಾಗ ಹೊಲಸು ವಸ್ತು ಕಣ್ಣಿಗೆ ಬೀಳುವ ಹಾಗೆ ಇಟ್ಟು ನನಗೆ ರೂಢಿ ಇಲ್ಲ. ಹಬ್ಬದ ಹಿಂದಿನ ದಿನ ಹೊಳೆಯಬೇಕಾದದ್ದನ್ನು ಹೇಗೆ ಹೊಳೆಸುತ್ತಾರೆ ಎಂದು ಏಳು ವರ್ಷದವಳಿದ್ದಾಗಿನಿಂದ ನನಗೆ ಗೊತ್ತು. ಮೆಟ್ಟಿಲ ಕೆಳಗಿನ ಚೀಲದಿಂದ ಒಂದು ಬಟ್ಟಲು ಬೂದಿ, ತೆಂಗಿನ ನಾರು, ಒಂದು ಬಕೆಟ್ಟು ನೀರು ತೆಗೆದುಕೊಂಡು ಹೋದೆ. ಮುಂದಿನ ಸಾಲಿನ ಮೊದಲ ಪ್ಲೇಟಿಗೆ ಬೂದಿ ಹಚ್ಚಿ, ತಾಮ್ರದ ಹಂಡೆ ತಿಕ್ಕುವ ಹಾಗೆ, ಮೈಭಾರ ಹಾಕಿ ತಿಕ್ಕಿದೆ. ಕಲೆ ಬಿಟ್ಟಿತು. ನೀರು ಹಾಕಿದ ಕೂಡಲೇ ಮುಖ ಕಾಣುವಷ್ಟು ಹೊಳೆಯಿತು. ಎರಡನೆಯದು ತಿಕ್ಕುವ ಹೊತ್ತಿಗೆ ಮೊದಲನೆಯದು ಆರಿತ್ತು. ಪೊರೆ ಬಂದ ಕಣ್ಣಿನ ಹಾಗೆ ಮಬ್ಬಾಗಿತ್ತು. ಬೂದಿ ಸರಿಯಾಗಿ ಹೋಗಿಲ್ಲ ಎಂದುಕೊಂಡು ಇನ್ನಷ್ಟು ಬೂದಿ ಹಚ್ಚಿ ಇನ್ನೂ ಜೋರಾಗಿ ತಿಕ್ಕಿದೆ. ಮೂರನೆಯದು ಮುಗಿಯುವಾಗ ಸೊಂಟ ಹಿಡಿಯಿತು, ಹಿಂದಿನ ಸಾಲು ಬಿಟ್ಟೆ. ಎದುರುಮನೆಯವಳು ತನ್ನ ಮಾಳಿಗೆಯಿಂದ ನೋಡುತ್ತಿದ್ದಳು.

"ಹೊಳೀತೇನಕ್ಕ?"

"ನೀರಾಗ ಹೊಳೀತೈತಿ."

"ನನಗೂ ಒಂದು ಬಟ್ಟಲಾ ಬೂದಿ ಕೊಡು. ನಾಳಿ ನಮ್ಮ ಮನಿಗೂ ಬಂದು ನೋಡಿಗೀಡಿದರ?"

ಕೊಟ್ಟೆ.

ಮರುದಿನ ಬಂದ ಇಂಜಿನಿಯರು ಚಿಕ್ಕ ವಯಸ್ಸಿನ ಹುಡುಗಿ. ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳಂತೆ, ಅಪ್ಪ ಕಾಲುವೆ ಆಫೀಸಿನವರಂತೆ. ಬಾಯಿ ತೆಗೆದರೆ ನಮ್ಮ ಮಾತೇ. ಮಾಳಿಗೆಯ ಮೇಲೆ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಹುಡುಗಿ ಡಬ್ಬಿಯ ಲೆಕ್ಕವನ್ನು ಫೋನಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದಳು. ಹಿಂದಿನ ಸಾಲಿನ ಪ್ಲೇಟು ನೋಡಿದಳು, ಮುಂದಿನ ಸಾಲಿಗೆ ಬಂದು ಉಗುರಿನಿಂದ ಗಾಜು ಕೆರೆದಳು.

"ಇವನ್ನ ಏನರ ಹಚ್ಚಿ ತಿಕ್ಕೀರೇನು?"

"ಇಲ್ರಿ ಮೇಡಂ," ಎಂದ ಮಗ. "ನಾನ ದಿನಾ ಬರೇ ನೀರ್ ಹಾಕಿ ಒರಸ್ತೀನ್ರಿ."

"ನೀರಿಗಿ ಗಾಜು ಹಿಂಗ ಗೀರೂದಿಲ್ಲ."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಬಾಯಿ ತೆಗೆಯುವ ಮುಂಚೆ ನಾನು ಹೇಳಿದೆ.

"ನಾನು ತಿಕ್ಕೀನಿ."

"ಏನ್ ಹಚ್ಚಿ, ಅಮ್ಮಾ?"

"ಬೂದಿ."

"ಯಾವ ಬೂದಿ?"

"ಥರ್ಮಲ್ ಬೂದಿ. ಕೆಳಗ ಇನ್ನೂ ಅರ್ಧ ಚೀಲ ಐತಿ, ತೋರಸ್ಲೇನು?"

ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಎದುರುಮನೆಯವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಅಲ್ರಿ ಮೇಡಂ, ಹಂಗ ತಿಕ್ಕಬಾರದೇನ್ರಿ?"

"ತಿಕ್ಕಿದ್ರ ಗಾಜು ಹೋತು ಅಂತ ತಿಳೀರಿ."

"ನಾನು ಮುಂಜಾನಿ ತಿಕ್ಕೀನಿ."

"ಎಷ್ಟು?"

"ಎಲ್ಲಾನೂ."

ಹುಡುಗಿ ಅಲ್ಲೇ ಇದ್ದ ಮಣೆಯ ಮೇಲೆ ಕುಳಿತುಬಿಟ್ಟಳು. ಆಮೇಲೆ ಅವಳು ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದಳು, ನಿಮ್ಮ ಮನೆಗೆ ಪ್ಲೇಟು ಹಾಕಿದರೆ ಏನು ಹಚ್ಚಿ ತೊಳೆಯುತ್ತೀರಿ ಎಂದು. ಒಬ್ಬಳು ಬೂದಿ ಎಂದಳು, ಇನ್ನೊಬ್ಬಳು ಇಟ್ಟಿಗೆ ಪುಡಿ, ಮತ್ತೊಬ್ಬಳು ಹುಣಸೆಹಣ್ಣು ಮತ್ತು ಉಪ್ಪು. ಬರೀ ನೀರು ಮತ್ತು ಮೆತ್ತನೆಯ ಬಟ್ಟೆ ಎಂದವರು ಒಬ್ಬರೂ ಇಲ್ಲ. ಹುಡುಗಿ ಮಗನ ಕಡೆ ನೋಡಿ, "ಪ್ಲೇಟು ಹಾಕೋರು ನಮಗ ಭಾಳ ಮಂದಿ ಅದಾರ. ಇದನ್ನ ಮನಿ ಮನಿಗಿ ಹೋಗಿ ಹೇಳೋರು ಒಬ್ಬರೂ ಇಲ್ಲ. ನೀವು ಹೇಳ್ತೀರಾ?" ಎಂದಳು.

ಹಾಗೆ ಅವನ ಕೆಲಸ ಉಳಿಯಿತು. ಗೀರಿದ್ದಕ್ಕೆ ಗ್ಯಾರಂಟಿ ಇಲ್ಲ, ಬೇರೆ ಪ್ಲೇಟು ಕೊಡುವುದಿಲ್ಲ ಎಂದು ಗುತ್ತಿಗೆದಾರ ಹೇಳಿದ. ನಮ್ಮ ಮಾಳಿಗೆಯ ಮುಂದಿನ ಸಾಲಿನ ಮೂರೂ ಪ್ಲೇಟು ಬಿಚ್ಚಿ ಕೆಳಗಿಳಿಸಿದರು. ಕಬ್ಬಿಣದ ಕಾಲು ಕೂಡ ತೆಗೆದರು. ಅದರ ಕೆಳಗಿದ್ದ ಜಾಗಕ್ಕೆ ಮತ್ತೆ ಬಿಸಿಲು ಬಿತ್ತು. ಅವರು ಹೋದ ಮೇಲೆ ಮಗ ಬಂದು ನನ್ನ ಎದುರು ನಿಂತ.

"ಬೇಕಂತ ಮಾಡಿದಿಯೇನವ್ವ?"

"ಬೇಕಂತ ಮಾಡೋದಿದ್ರ ಕಲ್ಲು ಒಗೀತಿದ್ದೆ. ಸೊಂಟ ಯಾಕ ಮುರಕೊಳ್ಳಲಿ?"

ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಬೇಕೆಂದು ಮಾಡಿದ್ದಲ್ಲ, ಅದು ಸತ್ಯ. ಬಿಸಿಲು ವಾಪಸು ಬಂದದ್ದಕ್ಕೆ ನನಗೆ ದುಃಖ ಆಗಲಿಲ್ಲ, ಅದೂ ಸತ್ಯ.

ಈಗ ಅವನು ಗೀರಿದ ಗಾಜಿನ ಒಂದು ತುಂಡನ್ನು ಚೀಲದಲ್ಲಿ ಇಟ್ಟುಕೊಂಡು ಕುರೆಕುಪ್ಪದ ಓಣಿಗಳನ್ನೆಲ್ಲ ಸುತ್ತುತ್ತಾನೆ. ಹೆಂಗಸರನ್ನು ಮಾಳಿಗೆಯ ಮೇಲೆ ಸೇರಿಸಿ, ನಮ್ಮವ್ವ ಹೀಗೆ ಮಾಡಿದಳು, ನೀವು ಹಾಗೆ ಮಾಡಬೇಡಿ ಎನ್ನುತ್ತಾನಂತೆ. ಹೋದ ತಿಂಗಳು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮೊದಲ ಸಲ ನನ್ನನ್ನು ಕಂಡ ಒಬ್ಬ ಹೆಣ್ಣುಮಗಳು ನನ್ನ ಊರಿನ ಹೆಸರು ಕೇಳಿದವಳೇ, ನೀವೇ ಏನು ಬೂದಿ ಅಮ್ಮ ಎಂದು ಕೇಳಿದಳು. ಹೌದು ಎಂದು ಹೇಳಿ ಆಟೋ ಹತ್ತಿದೆ.

ಹೊಂಡ ಹಾಗೇ ಇದೆ. ಪುರಸಭೆಗೆ ಹೋಗಿ ಕೇಳಿದರೆ ಅದು ಥರ್ಮಲ್ಲಿನವರದು ಎಂದರು. ಥರ್ಮಲ್ಲಿನ ಗೇಟಿನಲ್ಲಿ ಕೂತಿದ್ದ ವಾಚ್‌ಮನ್ ಒಳಗೆ ಯಾರೂ ಇಲ್ಲ ಎಂದ. ಮೇಲೆ ಮಣ್ಣು ಹಾಕಿ ಮುಚ್ಚುತ್ತಾರಂತೆ, ಟೆಂಡರ್ ಆಗಬೇಕಂತೆ. ಮೆಟ್ಟಿಲ ಕೆಳಗಿನ ಚೀಲವನ್ನು ಕಸದ ಗಾಡಿಯವನಿಗೆ ಕೊಡಲು ಹೋದರೆ ಅವನು ಕೈಗವಸು ಹಾಕಿದ ಕೈಯನ್ನೇ ಹಿಂದೆ ಎಳೆದುಕೊಂಡ. ಬೂದಿ ತೆಗೆದುಕೊಳ್ಳುವ ಆರ್ಡರ್ ಇಲ್ಲವಂತೆ. ಅರ್ಧ ಚೀಲ ಬೂದಿಗೆ ಆರ್ಡರ್ ಬೇಕು, ಕೆರೆಯಷ್ಟು ಬೂದಿಯನ್ನು ಬಿಟ್ಟು ಹೋಗಲು ಬೇಕಾಗಿರಲಿಲ್ಲ.

ಕಳೆದ ವಾರ ಇಂಜಿನಿಯರು ಹುಡುಗಿ ಮಗನ ಜೊತೆ ಮತ್ತೆ ಬಂದಳು. ಪುರಸಭೆಯ ಹೊಸ ಯೋಜನೆಯಲ್ಲಿ ನಮ್ಮ ಖಾಲಿ ಜಾಗಕ್ಕೆ ಮೂರು ಪ್ಲೇಟು ಬರುತ್ತವಂತೆ, ಮನೆಯ ಒಡತಿಯ ಸಹಿ ಬೇಕು. ಊಟದ ಹೊತ್ತು, ಕುಂದ್ರು ಎಂದೆ. ಅನ್ನ ಸಾರು ಬಡಿಸಿ, ಅವತ್ತೇ ಒಣಗಿದ ಸಂಡಿಗೆ ಕರಿದು ಹಾಕಿದೆ. ಒಂದು ತಿಂದಳು. ಎರಡನೆಯದು ಕಚ್ಚುತ್ತಿದ್ದ ಹಾಗೆ ಬಾಯಿ ನಿಂತಿತು. ಬೆರಳು ಹಾಕಿ ಏನೋ ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು, ನಾನು ನೋಡಬಾರದು ಎನ್ನುವ ಹಾಗೆ.

"ಕರಕರ ಅಂತೇನು?" ಎಂದೆ.

"ಸ್ವಲ್ಪ. ಮರಳೇನೋ."

"ಮರಳಲ್ಲ, ಹೊಂಡದ್ದು. ಸೀರಿ ಮುಚ್ಚಿದ್ರೂ ಇಳೀತೈತಿ. ನಾವು 'ಸ್ವಲ್ಪ' ಅನ್ಕೋತ ಇಪ್ಪತ್ತು ವರ್ಷ ನುಂಗೀವಿ."

ಮಗ ನನ್ನನ್ನು ದುರುಗುಟ್ಟಿ ನೋಡಿದ. ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು. ಹೊಂಡ ಮುಚ್ಚುವುದು ತನ್ನ ಕೈಯಲ್ಲಿ ಇಲ್ಲ ಎಂದಳು.

"ಗೊತ್ತೈತವ್ವ. ಸಹಿ ಮಾಡೋದು ನನ್ನ ಕೈಯಾಗ ಐತಿ. ಹೊಂಡದ ಮ್ಯಾಲ ಮಣ್ಣು ಬಿದ್ದ ದಿನ ಬಾ, ಪೂರಾ ಮಾಳಿಗಿ ತಗೊ. ಅಲ್ಲಿ ತನಕ ಆ ಬಿಸಿಲು ನಂದು."

ಅವಳು ಕಾಗದ ಬಿಟ್ಟು ಹೋದಳು, ಉಳಿದ ಸಂಡಿಗೆ ಕಟ್ಟಿಸಿಕೊಂಡು ಹೋದಳು. ಮಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಕಾಗದವನ್ನು ಮಡಿಸಿ ಮೆಟ್ಟಿಲ ಕೆಳಗೆ ಬೂದಿ ಚೀಲದ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ನೋಡಿದರೆ ಅದರ ಮೇಲೂ ಬೂದಿ ಕೂತಿತ್ತು. ಊದಿ, ತಿರುಗಿಸಿ ಇಟ್ಟು, ನೆನೆ ಹಾಕಿದ ಅಕ್ಕಿಯ ನೀರು ಬದಲಿಸಲು ಹೋದೆ.